ಗೋಡೆ ಬರೆದೆವು, ಬಾಗಿಲು ಬರೆಯಲಿಲ್ಲ

ನಾವು ಓದಿದ ಶಾಲೆಯ ಕಾಂಪೌಂಡು ಒಂದೇ. ಅದರೊಳಗೆ ಶಾಲೆಗಳು ಮಾತ್ರ ಎರಡು. ಎಡಕ್ಕೆ ಉರ್ದು ಶಾಲೆ, ಬಲಕ್ಕೆ ಕನ್ನಡ ಶಾಲೆ. ನಡುವೆ ಮಕ್ಕಳ ಸೊಂಟದೆತ್ತರದ ಒಂದು ಮೋಟುಗೋಡೆ. ನೀರಿನ ತೊಟ್ಟಿ ಕನ್ನಡ ಶಾಲೆಯ ಕಡೆಗಿತ್ತು, ಬೇವಿನ ಮರದ ನೆರಳು ನಮ್ಮ ಕಡೆಗೆ. ಬಾಯಾರಿದಾಗ ನಾವು ಗೋಡೆ ಹಾರುತ್ತಿದ್ದೆವು, ಬಿಸಿಲೇರಿದಾಗ ಅವರು ಹಾರುತ್ತಿದ್ದರು. ಮೇಷ್ಟ್ರುಗಳು ಎರಡೂ ಕಡೆಯವರಿಗೆ ಸಮನಾಗಿ ಬೆತ್ತ ಬೀಸುತ್ತಿದ್ದರು. ಏಟಿನ ನೋವು ಆರುವುದರೊಳಗೆ ನಾವು ಮತ್ತೆ ಗೋಡೆಯ ಮೇಲಿರುತ್ತಿದ್ದೆವು.

ಐದನೆಯ ತರಗತಿಗೆ ನಮ್ಮನ್ನು ಕನ್ನಡ ಶಾಲೆಗೆ ಸೇರಿಸಲು ಅಬ್ಬಾ ಕರೆದುಕೊಂಡು ಹೋದರು. ನಾವು ಅಭ್ಯಾಸಬಲದಿಂದ ಗೋಡೆಯ ಕಡೆಗೆ ತಿರುಗಿದೆವು. ಅವರು ಕೈ ಹಿಡಿದು ನಿಲ್ಲಿಸಿ, ದೊಡ್ಡ ಗೇಟಿನ ಕಡೆಗೆ ಸುತ್ತು ಹಾಕಿಸಿಕೊಂಡು ಹೋಗಿ, "ಇನ್ನು ಮೇಲೆ ಹಾರುವುದಲ್ಲ ಬೇಟಾ, ಬಾಗಿಲಿನಿಂದ ಹೋಗಬೇಕು" ಎಂದರು. ಅಂದು ಆ ಮಾತು ನಮಗೆ ಬರೀ ಶಿಸ್ತಿನ ಪಾಠವಾಗಿ ಕೇಳಿಸಿತ್ತು. ಕಥೆ ಬರೆಯಲು ತೊಡಗಿ ಎರಡು ದಶಕ ಕಳೆದ ಮೇಲೆ, ನಮ್ಮ ಬರಹಗಳನ್ನೂ ನಾವು ಮೆಚ್ಚಿದ ಬರಹಗಳನ್ನೂ ಮತ್ತೊಮ್ಮೆ ಓದುವಾಗ ಆ ಮಾತು ಬೇರೆಯೇ ಅರ್ಥದಲ್ಲಿ ಕಾಡುತ್ತಿದೆ.

ಗಡಿ ಎಂದೊಡನೆ ನಮ್ಮ ಕಣ್ಣಿಗೆ ಕಟ್ಟುವುದು ಮುಳ್ಳುತಂತಿ, ಬಂದೂಕು ಹಿಡಿದ ಸಿಪಾಯಿ, ಹಿಮದ ಬೆಟ್ಟ. ಅದು ದೂರದ ವಸ್ತು, ನಮ್ಮ ಊರಿಗೆ ಸಂಬಂಧಿಸಿದ್ದಲ್ಲ ಎಂದುಕೊಳ್ಳುತ್ತೇವೆ. ಆದರೆ ಊರ ನಡುವೆ, ಬೀದಿಯ ನಡುವೆ, ಒಂದೇ ಕಟ್ಟಡದ ಹಜಾರದ ನಡುವೆ ಹಾದುಹೋಗುವ ಗಡಿಗಳೂ ಇವೆ. ಅಂಥ ಗಡಿಗಳನ್ನು ನಮ್ಮ ಸಾಹಿತ್ಯ ಹೇಗೆ ಕಂಡಿದೆ, ಎಲ್ಲಿ ಕಾಣದೆ ಹೋಗಿದೆ ಎಂಬುದು ಈ ಬರಹದ ವಿಷಯ. ವಿಮರ್ಶಕರ ಪೀಠದಲ್ಲಿ ಕುಳಿತು ತೀರ್ಪು ಹೇಳುವಷ್ಟು ದೊಡ್ಡವರು ನಾವಲ್ಲ. ನಾಲ್ಕು ಕಥೆ ಬರೆದವರು, ಅಷ್ಟೆ. ಆದ್ದರಿಂದ ಇಲ್ಲಿರುವ ಟೀಕೆಯ ಒಂದು ಪಾಲು ನಮ್ಮ ಮೇಲೆಯೇ ಇದೆ.

ಮೊದಲು ಕೆಲವು ಕಟ್ಟಡಗಳನ್ನು ನೋಡೋಣ. ಅಮೆರಿಕ ಮತ್ತು ಕೆನಡಾಗಳ ಗಡಿಯಲ್ಲಿ ಹ್ಯಾಸ್ಕೆಲ್ ಎಂಬ ಗ್ರಂಥಾಲಯವಿದೆ. 1904ರಲ್ಲಿ ತೆರೆದದ್ದು. ಗಡಿರೇಖೆಯ ಮೇಲೆಯೇ ಬೇಕೆಂದು ಕಟ್ಟಿಸಿದ ಕಟ್ಟಡ. ಓದುವ ಕೋಣೆಯ ನೆಲದ ಮೇಲೆ ಒಂದು ಕಪ್ಪು ಗೆರೆ ಹಾದುಹೋಗುತ್ತದೆ. ಮುಂಬಾಗಿಲು ಅಮೆರಿಕದಲ್ಲಿ, ಹೆಚ್ಚಿನ ಪುಸ್ತಕಗಳು ಕೆನಡಾದಲ್ಲಿ. ನೂರು ವರ್ಷಕ್ಕೂ ಮೀರಿ ಕೆನಡಾದ ಓದುಗರು ಪಾಸ್‌ಪೋರ್ಟಿನ ಗೊಡವೆಯಿಲ್ಲದೆ ಕಾಲುದಾರಿಯಲ್ಲಿ ನಡೆದು ಅಮೆರಿಕದ ಬಾಗಿಲಿನಿಂದ ಒಳಬಂದು ಪುಸ್ತಕ ಪಡೆದು ಹೋಗುತ್ತಿದ್ದರು. 2025ರಲ್ಲಿ ಅಮೆರಿಕದ ಆಡಳಿತ ಆ ರೂಢಿಗೆ ಕಡಿವಾಣ ಹಾಕಿತು. ಗಮನಿಸಿ, ಗೆರೆ 1904ರಲ್ಲೂ ಅಲ್ಲೇ ಇತ್ತು, 2025ರಲ್ಲೂ ಅಲ್ಲೇ ಇದೆ. ಒಂದಂಗುಲವೂ ಸರಿದಿಲ್ಲ. ಬದಲಾದದ್ದು ಬಾಗಿಲಿನ ಕಥೆ.

ಬೆಲ್ಜಿಯಂ ಮತ್ತು ನೆದರ್ಲೆಂಡ್ಸ್ ದೇಶಗಳ ಗಡಿ ಬಾರ್ಲೆ ಎಂಬ ಊರಿನಲ್ಲಿ ಮನೆಗಳ ಒಳಗೇ ಹರಿದಾಡುತ್ತದೆ. ಒಂದು ಮನೆ ಯಾವ ದೇಶಕ್ಕೆ ಸೇರಿದ್ದೆಂದು ತಿಳಿಯಲು ಅಲ್ಲಿಯವರು ಬಹುಕಾಲದಿಂದ ಒಂದು ಸರಳ ಉಪಾಯ ಇಟ್ಟುಕೊಂಡಿದ್ದಾರೆ. ಮುಂಬಾಗಿಲು ಯಾವ ದೇಶದಲ್ಲಿದೆಯೋ ಮನೆ ಆ ದೇಶದ್ದು. ಅಷ್ಟು ದೂರ ಹೋಗುವುದೂ ಬೇಡ. ಮಹಾರಾಷ್ಟ್ರ ಮತ್ತು ತೆಲಂಗಾಣಗಳ ಗಡಿಯಲ್ಲಿ, ಚಂದ್ರಾಪುರದ ಕಡೆಯ ಮಹಾರಾಜಗುಡದಲ್ಲಿ, ಒಂದೇ ಮನೆಯ ನಾಲ್ಕು ಕೋಣೆ ಒಂದು ರಾಜ್ಯಕ್ಕೂ ನಾಲ್ಕು ಕೋಣೆ ಇನ್ನೊಂದು ರಾಜ್ಯಕ್ಕೂ ಸೇರಿರುವ ಸುದ್ದಿಯನ್ನು 2022ರ ಕೊನೆಯಲ್ಲಿ ಪತ್ರಿಕೆಗಳಲ್ಲಿ ಓದಿದೆವು. ಆ ಮನೆಯವರು ಎರಡೂ ಕಡೆ ಕಂದಾಯ ಕಟ್ಟುತ್ತಾರೆ, ಎರಡೂ ಸರಕಾರಗಳ ಸವಲತ್ತು ಪಡೆಯುತ್ತಾರೆ. ಅವರಿಗೇನೂ ತೊಂದರೆಯಿಲ್ಲವಂತೆ. ಇರುವುದಾದರೂ ಹೇಗೆ? ಅಡುಗೆಮನೆಯಿಂದ ಮಲಗುವ ಕೋಣೆಗೆ ಹೋಗುವ ದಾರಿಯಲ್ಲಿ ಕದ ತೆರೆದೇ ಇದೆಯಲ್ಲ.

ಕದ ಮುಚ್ಚಿದರೆ ಏನಾಗುತ್ತದೆ ಎಂಬುದಕ್ಕೂ ಕಟ್ಟಡಗಳೇ ಸಾಕ್ಷಿ. 1961ರ ಆಗಸ್ಟ್ 13ರಂದು ಬರ್ಲಿನ್ ನಗರವನ್ನು ಇಬ್ಭಾಗ ಮಾಡಿದಾಗ ಬೆರ್ನಾವರ್ ಬೀದಿಯ ಒಂದು ಸಾಲಿನ ಮನೆಗಳು ಪೂರ್ವಕ್ಕೆ ಸೇರಿದವು. ಆ ಮನೆಗಳ ಮುಂದಿನ ಕಾಲುದಾರಿ ಪಶ್ಚಿಮದ್ದು. ಮುಂಬಾಗಿಲುಗಳಿಗೆ ಇಟ್ಟಿಗೆ ಬಿತ್ತು. ಜನ ಕಿಟಕಿಗಳಿಂದ ಹಾರಿದರು. ಕಿಟಕಿಗಳಿಗೂ ಇಟ್ಟಿಗೆ ಬಿತ್ತು. ಹಾರಿದವರಲ್ಲಿ ಕೆಲವರು ಸತ್ತೂ ಹೋದರು. ಪ್ಯಾಲೆಸ್ಟೀನಿನ ಅಲ್‌ಖಲೀಲ್ ನಗರದ ಇಬ್ರಾಹೀಮಿ ಮಸೀದಿಯಲ್ಲಿ 1994ರ ಫೆಬ್ರವರಿ 25ರಂದು, ರಮಝಾನ್ ತಿಂಗಳ ಮುಂಜಾನೆಯ ನಮಾಝಿನ ವೇಳೆ, ಒಬ್ಬ ವಲಸೆಗಾರ ಗುಂಡಿನ ಮಳೆಗರೆದು 29 ಮಂದಿಯನ್ನು ಕೊಂದ. ಆ ಬಳಿಕ ಇಸ್ರೇಲ್ ಆ ಕಟ್ಟಡವನ್ನೇ ಎರಡು ಪಾಲು ಮಾಡಿತು. ಒಂದು ಪಾಲು ಮುಸ್ಲಿಮರಿಗೆ, ಇನ್ನೊಂದು ಯಹೂದಿಯರಿಗೆ. ಬಾಗಿಲುಗಳೂ ಬೇರೆ ಬೇರೆ. ವರ್ಷದಲ್ಲಿ 10 ದಿನ ಇಡೀ ಕಟ್ಟಡ ಇವರಿಗೆ, 10 ದಿನ ಅವರಿಗೆ. ಇಬ್ಬರೂ ತಮ್ಮ ಪಿತಾಮಹನೆಂದು ಗೌರವಿಸುವ ಒಬ್ಬನೇ ವ್ಯಕ್ತಿಯ ಹೆಸರಿನ ಕಟ್ಟಡವದು.

ಇದೆಲ್ಲ ಹೊರಗಿನ ಮಾತಾಯಿತು. ನಮ್ಮ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆಗಳ ಕಡೆಗೆ ಬರೋಣ. ಈ ನಾಲ್ಕೂ ಊರುಗಳ ಸಂತೆಗೆ ಒಂದೇ ವ್ಯಾಪಾರಿ ಬರುತ್ತಾನೆ. ಒಂದೇ ಬಸ್ಸು ಎರಡು ಮೂರು ತಾಲೂಕು ಸುತ್ತುತ್ತದೆ. ಹೆಣ್ಣು ಕೊಟ್ಟು ತಂದ ಸಂಬಂಧಗಳಂತೂ ಲೆಕ್ಕವಿಲ್ಲ. ಆದರೂ 2008ರಲ್ಲಿ ಜಾರಿಗೆ ಬಂದ ಕ್ಷೇತ್ರ ವಿಂಗಡಣೆಯ ಪ್ರಕಾರ ಲೋಕಸಭೆಯ ಚುನಾವಣೆ ಬಂತೆಂದರೆ ನಾವು ಮೂರು ಪಾಲಾಗುತ್ತೇವೆ. ಹುಣಸೂರು ಮತ್ತು ಪಿರಿಯಾಪಟ್ಟಣದವರು ಮೈಸೂರು ಕ್ಷೇತ್ರದಲ್ಲಿ ಕೊಡಗಿನವರ ಜೊತೆ ಮತ ಹಾಕುತ್ತಾರೆ. ಕೆ.ಆರ್. ನಗರದವರು ಮಂಡ್ಯಕ್ಕೆ, ಎಚ್.ಡಿ. ಕೋಟೆಯವರು ಚಾಮರಾಜನಗರಕ್ಕೆ. ಅಣ್ಣ ಹುಣಸೂರಿನಲ್ಲಿ, ತಂಗಿ ಕೆ.ಆರ್. ನಗರದಲ್ಲಿ ಇದ್ದರೆ ಅವರಿಬ್ಬರ ಸಂಸದರು ಬೇರೆ ಬೇರೆ. ಹೀಗೆಂದು ಹಬ್ಬಕ್ಕೆ ತಂಗಿಯನ್ನು ಕರೆಯದ ಅಣ್ಣನನ್ನು ನಾವು ಕಂಡಿಲ್ಲ. ಈ ಗೆರೆಯಲ್ಲಿ ಬಾಗಿಲು ಎಷ್ಟು ಅಗಲವಾಗಿದೆಯೆಂದರೆ ಗೆರೆ ಇರುವುದೇ ನಮಗೆ ನೆನಪಿರುವುದಿಲ್ಲ.

ಪಿರಿಯಾಪಟ್ಟಣ ತಾಲೂಕಿನ ಕೊಪ್ಪದಲ್ಲಿ ನಿಂತರೆ ಎದುರಿಗೆ ಕಾವೇರಿ, ಸೇತುವೆಯ ಆಚೆ ಕುಶಾಲನಗರ. ಇಂದು ಅದು ಎರಡು ಜಿಲ್ಲೆಗಳ ನಡುವಿನ ಗಡಿ. 1956ರ ನವೆಂಬರ್ 1ರ ತನಕ ಎರಡು ರಾಜ್ಯಗಳ ನಡುವಿನ ಗಡಿಯಾಗಿತ್ತು. ಅದಕ್ಕೂ ಹಿಂದೆ ಒಂದು ದಡದಲ್ಲಿ ಮೈಸೂರಿನ ಮಹಾರಾಜರ ಆಡಳಿತ, ಇನ್ನೊಂದು ದಡದಲ್ಲಿ 1834ರಿಂದ ಬ್ರಿಟಿಷರ ನೇರ ಆಡಳಿತ. ಒಂದು ಕಾಲದಲ್ಲಿ ಎರಡು ಸರಕಾರಗಳಿಗೆ ಉತ್ತರ ಹೇಳಬೇಕಾಗಿದ್ದ ದಾರಿಯಲ್ಲಿ ಈಗ ಶಾಲೆಯ ಮಕ್ಕಳು ಸೈಕಲ್ ತುಳಿದುಕೊಂಡು ಹೋಗುತ್ತವೆ. ದೊಡ್ಡ ಗಡಿಯೂ ಹೀಗೆ ಕರಗಬಲ್ಲದು.

ಅದೇ ಕೊಪ್ಪದ ಪಕ್ಕದಲ್ಲಿ ಬೈಲಕುಪ್ಪೆಯಿದೆ. 1960ರಿಂದ ಅಲ್ಲಿ ಟಿಬೆಟಿಯನ್ನರು ನೆಲೆಸಿದ್ದಾರೆ. ಹುಣಸೂರು ತಾಲೂಕಿನ ಗುರುಪುರದಲ್ಲೂ ಅವರ ನೆಲೆಯಿದೆ. ದೇಶ ಕಳೆದುಕೊಂಡು ಬಂದ ಜನ ನಮ್ಮ ಮುಸುಕಿನ ಜೋಳದ ಹೊಲಗಳ ನಡುವೆ ಮನೆ ಕಟ್ಟಿಕೊಂಡರು. ಇಲ್ಲೇ ಹುಟ್ಟಿ, ನಮಗಿಂತ ಚೆನ್ನಾಗಿ ಮೈಸೂರು ಕಡೆಯ ಕನ್ನಡ ಮಾತಾಡುವ ಯುವಕರೂ ಜೇಬಿನಲ್ಲಿ ನೋಂದಣಿ ಪತ್ರ ಇಟ್ಟುಕೊಳ್ಳಬೇಕಾಗುತ್ತದೆ. ಹೊರದೇಶದ ಅತಿಥಿ ಅಲ್ಲಿ ರಾತ್ರಿ ತಂಗಬೇಕಾದರೆ ಸರಕಾರದ ಪರವಾನಗಿ ಬೇಕು. ಬೇಲಿಯಿಲ್ಲ, ಗೇಟಿಲ್ಲ. ನಮ್ಮವರು ಭಾನುವಾರ ಮಕ್ಕಳನ್ನು ಕರೆದುಕೊಂಡು ಹೋಗಿ ಚಿನ್ನದ ಬಣ್ಣದ ಬುದ್ಧನನ್ನು ನೋಡಿ ಬರುತ್ತಾರೆ. ಆದರೂ ಅಲ್ಲೊಂದು ಗಡಿ ಇದೆ. ಕನ್ನಡದ ಕಥೆ, ಕಾದಂಬರಿಗಳಲ್ಲಿ ಈ ನೆರೆಯವರು ಸ್ವೆಟರ್ ಮಾರುವವರಾಗಿ ಬಂದಷ್ಟು ಮನುಷ್ಯರಾಗಿ ಬಂದಿಲ್ಲ ಎಂಬುದು ನಮ್ಮ ಮೊದಲ ದೂರು.

ಎಚ್.ಡಿ. ಕೋಟೆಯಿಂದ ಅಂತರಸಂತೆ ದಾಟಿ ಕಾಡಿನೊಳಗೆ ಸಾಗಿದರೆ ಬಾವಲಿ. ಹೊಳೆಯ ಈಚೆ ಕರ್ನಾಟಕ, ಆಚೆ ವಯನಾಡು. ಎರಡೂ ಕಡೆಗೂ ಬಾವಲಿಯೆಂದೇ ಹೆಸರು. ನಾವು ಹೋದಾಗ ಚೆಕ್‌ಪೋಸ್ಟಿನ ಬಳಿಯ ಚಹದಂಗಡಿಯವರು ಕನ್ನಡದಲ್ಲಿ "ಏನು ಕೊಡ್ಲಿ ಸಾರ್?" ಎಂದು ಕೇಳಿ, ಚಿಲ್ಲರೆಯನ್ನು ಮಲಯಾಳಂನಲ್ಲಿ ಎಣಿಸಿ, ನಮ್ಮ ಟೋಪಿ ನೋಡಿ ಸಲಾಮ್ ಹೇಳಿದರು. ಮೂರು ಭಾಷೆಗಳು ಒಂದೇ ಲೋಟದ ಚಹದಲ್ಲಿ ಮುಗಿದವು. ವಯನಾಡಿನ ರೈತರು ನಮ್ಮ ತಾಲೂಕುಗಳಲ್ಲಿ ಜಮೀನು ಗುತ್ತಿಗೆಗೆ ಹಿಡಿದು ಶುಂಠಿ ಬೆಳೆಯುತ್ತಾರೆ. ನಮ್ಮ ಹಾಡಿಗಳ ಜನ ಮೆಣಸು ಕೊಯ್ಯಲು, ಕಾಫಿ ಹಣ್ಣು ಬಿಡಿಸಲು ಆಚೆ ಹೋಗುತ್ತಾರೆ. ಆದರೆ ಸಂಜೆ 6ರಿಂದ ಬೆಳಿಗ್ಗೆ 6ರ ತನಕ ಆ ದಾರಿ ಬಂದ್. ಕಾಡುಪ್ರಾಣಿಗಳ ಹಿತಕ್ಕಾಗಿ 2008ರಲ್ಲಿ ಈ ನಿಷೇಧ ಬಂತು. ಆನೆಗೂ ದಾರಿ ಬೇಕು, ಅದರಲ್ಲಿ ತಪ್ಪು ಹುಡುಕಲಾರೆವು. ಈ ಗಡಿಗೆ ಕನಿಷ್ಠ ಒಂದು ವೇಳಾಪಟ್ಟಿಯಿದೆ. ಬೆಳಗಾದರೆ ಗೇಟು ತೆರೆಯುತ್ತದೆ ಎಂದು ಎರಡೂ ಕಡೆಯವರಿಗೆ ಗೊತ್ತು.

ಬಾವಲಿಯಲ್ಲಿ ಇನ್ನೊಂದು ಗೆರೆಯಿದೆ. ಅದು ಕಾಗದದ ಮೇಲಿನದು. ಈಚೆ ಕರ್ನಾಟಕದ ದಾಖಲೆಗಳಲ್ಲಿ ಯರವರೆಂದು ಕರೆಯಲಾಗುವ ಜನ, ವಯನಾಡಿನ ದಾಖಲೆಗಳಲ್ಲಿ ಅಡಿಯರು. ತಮ್ಮನ್ನು ತಾವು ಅವರು ಕರೆದುಕೊಳ್ಳುವುದು ರಾವುಳ ಎಂದು. ಒಂದೇ ಮಾತು, ಒಂದೇ ಬಳ್ಳಿ. ಗಡಿ ಅವರ ಹೆಸರಿನೊಳಗೇ ಹಾದುಹೋಗಿದೆ. ಇದನ್ನು ಕುರಿತು ಒಂದು ಒಳ್ಳೆಯ ಕಥೆ ಬರೆಯಲು ನಮಗಾರಿಗೂ ಈ ತನಕ ಬಿಡುವಾಗಿಲ್ಲ.

ಹಾಗಾದರೆ ಕನ್ನಡದಲ್ಲಿ ಗಡಿಯ ಬಗ್ಗೆ ಬರೆದೇ ಇಲ್ಲವೇ? ಬೇಕಾದಷ್ಟು ಬರೆದಿದ್ದೇವೆ. ಅದರಲ್ಲಿ ಹೆಚ್ಚಿನದು ಕಾಸರಗೋಡು, ಬೆಳಗಾವಿಗಳ ಸುತ್ತ. 1956ರಲ್ಲಿ ದಕ್ಷಿಣ ಕನ್ನಡದ ಭಾಗವಾಗಿದ್ದ ಕಾಸರಗೋಡು ಕೇರಳಕ್ಕೆ ಸೇರಿತು. 1967ರಲ್ಲಿ ಮಹಾಜನ ಆಯೋಗ ಚಂದ್ರಗಿರಿ ಹೊಳೆಯ ಉತ್ತರದ ಭಾಗ ಕರ್ನಾಟಕಕ್ಕೆ ಸೇರಬೇಕೆಂದು ಶಿಫಾರಸು ಮಾಡಿತು. ಅದು ಜಾರಿಗೆ ಬರಲಿಲ್ಲ. ಕವಿ ಕಯ್ಯಾರ ಕಿಞ್ಞಣ್ಣ ರೈಯವರು 2015ರಲ್ಲಿ, ನೂರು ವರ್ಷದ ತುಂಬು ಬದುಕು ಮುಗಿಸಿ ತೀರಿಕೊಳ್ಳುವ ತನಕ ಆ ನೋವನ್ನು ಎದೆಯಲ್ಲಿ ಇಟ್ಟುಕೊಂಡಿದ್ದರು. ಅವರ ನೋವು ನಿಜವಾದದ್ದು. ಆದರೆ ಅವರ ನಂತರ ಬಂದ ಗಡಿಸಾಹಿತ್ಯದ ಬಹುಪಾಲು, ವೇದಿಕೆಯ ಭಾಷಣದ ಹಾಗೆ, ನೆಲ ಯಾರದು ಎಂದು ಮಾತ್ರ ಕೇಳಿತು. ಆ ನೆಲದ ಮೇಲಿನ ಮನೆಯಲ್ಲಿ ಯಾರಿದ್ದಾರೆ, ಅವರಿಗೆ ಕಾಯಿಲೆಯಾದರೆ ಯಾವ ಆಸ್ಪತ್ರೆಗೆ ಹೋಗುತ್ತಾರೆ ಎಂದು ಕೇಳಲಿಲ್ಲ. ಕೇಳದೆ ಇದ್ದುದರ ಬೆಲೆ 2020ರ ಮಾರ್ಚಿನಲ್ಲಿ ತಿಳಿಯಿತು. ಕೊರೊನಾ ಭಯದಲ್ಲಿ ಕರ್ನಾಟಕ ಸರಕಾರ ಗಡಿಯ ರಸ್ತೆಗಳನ್ನು ಮುಚ್ಚಿತು, ಕೆಲವೆಡೆ ಮಣ್ಣನ್ನೇ ಸುರಿಯಿತು. ಯಾವಾಗಲೂ ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ಕಾಸರಗೋಡಿನ ರೋಗಿಗಳು ತಲಪಾಡಿಯಲ್ಲಿ ಸಿಕ್ಕಿಬಿದ್ದರು. ಚಿಕಿತ್ಸೆ ಸಿಗದೆ ಹಲವರು ಸತ್ತ ಸುದ್ದಿ ಬಂತು. ವಿಷಯ ಕೇರಳ ಹೈಕೋರ್ಟಿಗೂ ಸುಪ್ರೀಂ ಕೋರ್ಟಿಗೂ ಹೋಯಿತು. ಕಾಸರಗೋಡು ನಮ್ಮದು ಎಂದು ಅರುವತ್ತು ವರ್ಷ ಹೇಳಿಕೊಂಡು ಬಂದವರು ನಾವು. ಕಾಸರಗೋಡಿನವರು ಬಾಗಿಲು ಬಡಿದಾಗ ಒಳಗಿನಿಂದ ಅಗುಳಿ ಹಾಕಿದವರೂ ನಾವೇ.

ಈ ಹಿನ್ನೆಲೆಯಲ್ಲಿ ಸಾರಾ ಅಬೂಬಕ್ಕರ್ ಅವರ 'ಚಂದ್ರಗಿರಿಯ ತೀರದಲ್ಲಿ' ಕಾದಂಬರಿಯನ್ನು ಮತ್ತೆ ಓದಬೇಕೆಂದು ನಮ್ಮ ಒತ್ತಾಯ. 1936ರಲ್ಲಿ ಕಾಸರಗೋಡಿನಲ್ಲಿ ಹುಟ್ಟಿ, 2023ರ ಜನವರಿಯಲ್ಲಿ ಮಂಗಳೂರಿನಲ್ಲಿ ತೀರಿಕೊಂಡ ಸಾರಾ ಅವರ ಬದುಕೇ ಆ ಗಡಿಯ ಎರಡೂ ಬದಿಯಲ್ಲಿ ಕಳೆಯಿತು. 1980ರ ದಶಕದ ಆರಂಭದಲ್ಲಿ ಈ ಕಾದಂಬರಿ 'ಲಂಕೇಶ್ ಪತ್ರಿಕೆ'ಯಲ್ಲಿ ಧಾರಾವಾಹಿಯಾಗಿ ಬಂತು. ಹೆಸರಿನಲ್ಲೇ ಚಂದ್ರಗಿರಿಯಿದೆ. ಯಾವ ಹೊಳೆಯನ್ನು ಆಯೋಗವೊಂದು ಎರಡು ರಾಜ್ಯಗಳ ಎಲ್ಲೆಯಾಗಿ ಗುರುತಿಸಿತ್ತೋ ಅದೇ ಹೊಳೆ. ಆದರೆ ಕಥೆಯೊಳಗೆ ರಾಜ್ಯಗಳ ಜಗಳವಿಲ್ಲ. ನಾದಿರಾ ಎಂಬ ಹೆಣ್ಣುಮಗಳು ಗಂಡ ರಶೀದನ ಜೊತೆ ಸುಖವಾಗಿದ್ದಾಳೆ. ಅಪ್ಪನ ದುರಾಸೆ ಮತ್ತು ಹಟ ಅವಳನ್ನು ಗಂಡನಿಂದ ಬೇರ್ಪಡಿಸುತ್ತವೆ, ತಲಾಖ್ ಹೇಳಿಸುತ್ತವೆ. ಮತ್ತೆ ಗಂಡನ ಬಳಿಗೆ ಹೋಗಬೇಕಾದರೆ ನಡುವೆ ಇನ್ನೊಬ್ಬನ ಹೆಂಡತಿಯಾಗಿ ಒಂದು ರಾತ್ರಿ ಕಳೆಯಬೇಕೆಂದು ಹಿರಿಯರು ವಿಧಿಸುತ್ತಾರೆ. ಕೊನೆಗೆ ಅವಳಿಗೆ ತೆರೆದಿರುವ ದಾರಿ ಮಸೀದಿಯ ಕೆರೆಯ ನೀರೊಂದೇ.

ಈ ಕಾದಂಬರಿಯನ್ನು ಧರ್ಮದ ಟೀಕೆ ಎಂದು ಬೈದವರಿದ್ದರು, ಧರ್ಮದ ಟೀಕೆ ಎಂದೇ ಹೊಗಳಿದವರೂ ಇದ್ದರು. ಇಬ್ಬರೂ ಕಾದಂಬರಿಯ ಕೇಂದ್ರವನ್ನು ತಪ್ಪಿಸಿಕೊಂಡರು ಎಂದು ನಮಗೆ ಅನಿಸುತ್ತದೆ. ನಾದಿರಾಳ ಕಷ್ಟ ಏನು? ಗಂಡನ ಮನೆ ಅಲ್ಲೇ ಇದೆ. ಗಂಡ ಕರೆಯುತ್ತಿದ್ದಾನೆ. ಅವಳಿಗೂ ಹೋಗುವ ಆಸೆಯಿದೆ. ನಡುವೆ ಇರುವುದು ಒಂದು ಮಾತಿನ ಗೆರೆ. ಆ ಗೆರೆಯನ್ನು ಅವಳು ಎಳೆದದ್ದಲ್ಲ, ರಶೀದ್ ಮನಸಾರೆ ಎಳೆದದ್ದಲ್ಲ. ಎಳೆದವರೊಬ್ಬರು, ಕಾವಲು ಕಾಯುವವರು ಇನ್ನೊಬ್ಬರು, ಅದರ ಮೇಲೆ ಸಾಯುವವಳು ಮತ್ತೊಬ್ಬಳು. ಎಲ್ಲ ಗಡಿಗಳ ಒಳಗುಟ್ಟೂ ಇದೇ. ಕುರ್‌ಆನ್ ತಲಾಖಿನ ವಿಷಯದಲ್ಲಿ ಕಾಯುವ ಅವಧಿಯನ್ನು, ಎರಡೂ ಮನೆಯ ಮಧ್ಯಸ್ಥರನ್ನು, ಮತ್ತೆ ಕೂಡುವ ಅವಕಾಶವನ್ನು ಇಟ್ಟಿದೆ. ಬಾಗಿಲುಗಳನ್ನು ಇಟ್ಟೇ ಇದೆ. ಅವನ್ನು ಮುಚ್ಚಿದವರು ಮನುಷ್ಯರು. ಒಂದೇ ಉಸಿರಿನ ತ್ರಿವಳಿ ತಲಾಖ್ ಅಸಿಂಧುವೆಂದು ಸುಪ್ರೀಂ ಕೋರ್ಟ್ 2017ರಲ್ಲಿ ಹೇಳುವ ಮೂರು ದಶಕ ಮೊದಲೇ, ಕಾಸರಗೋಡಿನ ಒಬ್ಬ ಹೆಣ್ಣುಮಗಳು ಈ ಮುಚ್ಚಿದ ಬಾಗಿಲನ್ನು ಕನ್ನಡದಲ್ಲಿ ತೋರಿಸಿದ್ದರು. ಹೊಳೆಗೆ ದೋಣಿಯಿರುತ್ತದೆ, ಮಾತಿನ ಗೆರೆಗೆ ದೋಣಿಯಿಲ್ಲ ಎಂಬುದನ್ನು ಅವರಷ್ಟು ಸ್ಪಷ್ಟವಾಗಿ ನಮ್ಮ ಗಡಿಸಾಹಿತ್ಯದಲ್ಲಿ ಯಾರೂ ಕಂಡಿಲ್ಲ.

ಉರ್ದುವಿನಲ್ಲಿ ಓದಿದವರಿಗೆ ಇಲ್ಲಿ ಮಂಟೋ ನೆನಪಾಗದೆ ಇರುವುದಿಲ್ಲ. 'ಟೋಬಾ ಟೇಕ್ ಸಿಂಗ್' ಕಥೆಯಲ್ಲಿ ದೇಶ ವಿಭಜನೆಯಾದ ಮೇಲೆ ಹುಚ್ಚರನ್ನೂ ಹಂಚಿಕೊಳ್ಳಲು ಎರಡೂ ಸರಕಾರಗಳು ತೀರ್ಮಾನಿಸುತ್ತವೆ. ಲಾಹೋರಿನ ಹುಚ್ಚಾಸ್ಪತ್ರೆಯಲ್ಲಿರುವ ಬಿಷನ್ ಸಿಂಗನಿಗೆ ಬೇಕಾದದ್ದು ಒಂದೇ ಉತ್ತರ: ತನ್ನ ಊರು ಟೋಬಾ ಟೇಕ್ ಸಿಂಗ್ ಈಗ ಎಲ್ಲಿದೆ? ಯಾರೂ ನೆಟ್ಟಗೆ ಹೇಳುವುದಿಲ್ಲ. ಕೊನೆಗೆ ಅವನು ಎರಡು ಬೇಲಿಗಳ ನಡುವಿನ, ಯಾರಿಗೂ ಸೇರದ ನೆಲದಲ್ಲಿ ಬಿದ್ದು ಸಾಯುತ್ತಾನೆ. ಆ ಗೆರೆ ಎಳೆದ ಸಿರಿಲ್ ರ‍್ಯಾಡ್‌ಕ್ಲಿಫ್ 1947ರ ಜುಲೈ 8ರಂದು ಭಾರತಕ್ಕೆ ಬಂದವರು. ಅದಕ್ಕೆ ಮೊದಲು ಈ ದೇಶವನ್ನು ನೋಡಿದವರಲ್ಲ. ಐದು ವಾರಗಳಲ್ಲಿ ಕೆಲಸ ಮುಗಿಸಿದರು. ಗೆರೆ ಎಲ್ಲಿ ಬಿದ್ದಿದೆಯೆಂದು ಜನರಿಗೆ ತಿಳಿದದ್ದು ಆಗಸ್ಟ್ 17ರಂದು, ಸ್ವಾತಂತ್ರ್ಯ ಬಂದ ಎರಡು ದಿನಗಳ ಮೇಲೆ. ಎರಡು ದಿನ ಲಕ್ಷಾಂತರ ಜನರಿಗೆ ತಾವು ಯಾವ ದೇಶದಲ್ಲಿದ್ದೇವೆಂದು ಗೊತ್ತಿರಲಿಲ್ಲ. ಬಿಷನ್ ಸಿಂಗನ ಪ್ರಶ್ನೆಯಲ್ಲಿ ಹುಚ್ಚೇನಿದೆ ಹೇಳಿ?

ಬೊಳುವಾರು ಮಹಮ್ಮದ್ ಕುಂಞಿಯವರ 'ಸ್ವಾತಂತ್ರ್ಯದ ಓಟ' ಆ ವಿಭಜನೆಯನ್ನು ನಮ್ಮ ಕರಾವಳಿಯ ಮುತ್ತುಪ್ಪಾಡಿಗೆ ತಂದು ಜೋಡಿಸುತ್ತದೆ. 2012ರಲ್ಲಿ ಬಂದ, 2016ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಈ ಕಾದಂಬರಿಯ ದೊಡ್ಡ ಗುಣವೆಂದರೆ, ರ‍್ಯಾಡ್‌ಕ್ಲಿಫ್ ಎಳೆದ ಗೆರೆ ಪಂಜಾಬಿನಲ್ಲಿ ನಿಲ್ಲದೆ ಅಷ್ಟು ದೂರದ ಹಳ್ಳಿಯ ಅಂಗಳದ ತನಕ ಹೇಗೆ ಹರಿದು ಬಂತು ಎಂಬುದನ್ನು ತೋರಿಸುವುದು. ಮಂಟೋ ಗೆರೆಯ ಮೇಲೆ ಒಬ್ಬನನ್ನು ಸಾಯಿಸಿದರು. ಬೊಳುವಾರರು ಅದರ ನೆರಳಿನಲ್ಲಿ ಒಂದು ಊರನ್ನೇ ಬದುಕಿಸಿದರು. ಅಲ್ಲಿ ಜಗಳವೂ ಇದೆ, ಸಂಶಯವೂ ಇದೆ, ಆದರೆ ಒಬ್ಬರ ಮನೆಯ ಸುದ್ದಿ ಇನ್ನೊಬ್ಬರ ಮನೆಗೆ ತಲುಪುವ ದಾರಿ ಮುಚ್ಚಿಲ್ಲ.

ಈಗ ನಮ್ಮ ಸರದಿ. ಸುಮಾರು ಇಪ್ಪತ್ತು ವರ್ಷಗಳ ಹಿಂದೆ ನಾವೊಂದು ಕಥೆ ಬರೆದೆವು. ಒಂದು ಬೀದಿ, ಎರಡು ಕೇರಿ, ಒಂದು ಮೆರವಣಿಗೆ, ಎಲ್ಲಿಂದಲೋ ಬಂದ ಒಂದು ಕಲ್ಲು, ಕರ್ಫ್ಯೂ. ಕೊನೆಯಲ್ಲಿ ನಿರ್ಜನ ಬೀದಿ, ಬೂಟಿನ ಸದ್ದು, ಕತ್ತಲು. ಓದಿದವರು ಮೆಚ್ಚಿ ಕಾಗದ ಬರೆದರು. ನಾವೂ ಹಿಗ್ಗಿದೆವು. ಆ ಕಥೆಗೆ ಆಧಾರ ನಾವು ಚಿಕ್ಕಂದಿನಲ್ಲಿ ಕಂಡ ಒಂದು ಕರ್ಫ್ಯೂ. ಆದರೆ ಆ ದಿನ ಕಂಡ ಒಂದು ಸಂಗತಿಯನ್ನು ಕಥೆಯಿಂದ ಬಿಟ್ಟಿದ್ದೆವು. ನಮ್ಮ ಮನೆಗೆ ಹಾಲು ಹಾಕುತ್ತಿದ್ದ ಅಜ್ಜಿ ಆಚೆ ಕೇರಿಯವರು. ಕರ್ಫ್ಯೂವಿನ ಎರಡನೆಯ ದಿನ ಬೆಳಕು ಹರಿಯುವ ಮುಂಚೆ ಹಿತ್ತಿಲ ಬಾಗಿಲು ತಟ್ಟಿದ ಸದ್ದಾಯಿತು. ಅಮ್ಮೀ ನಡುಗುತ್ತ ಬಾಗಿಲು ತೆರೆದರೆ ಸೆರಗಿನಲ್ಲಿ ಚೊಂಬು ಮುಚ್ಚಿಕೊಂಡು ಅಜ್ಜಿ ನಿಂತಿದ್ದರು. "ಮಗೀಗೆ ಹಾಲು ಬ್ಯಾಡ್ವಾ ಬೂಬಮ್ಮ? ಕರ್ಪೂ ಅಂದ್ರೆ ಮಗಿನ ಹೊಟ್ಟೆ ಕೇಳ್ತದಾ?" ಎಂದು ಗದರಿ, ಪಾತ್ರೆಗೆ ಹಾಲು ಸುರಿದು ಹೋದರು.

ಅಜ್ಜಿಯನ್ನು ನಾವು ಯಾಕೆ ಬಿಟ್ಟೆವು? ಆಕೆಯನ್ನು ಸೇರಿಸಿದರೆ ಕಥೆ ಮೆದುವಾಗುತ್ತದೆ, 'ಭಾವೈಕ್ಯ'ದ ಭಾಷಣದಂತೆ ಕೇಳಿಸುತ್ತದೆ ಎಂಬ ಅಂಜಿಕೆ. ಕತ್ತಲೆ ಬರೆದರೆ ಗಂಭೀರ ಲೇಖಕ, ಹಾಲು ಬರೆದರೆ ಪಠ್ಯಪುಸ್ತಕ ಎಂಬ ಭ್ರಮೆ. ಈಗ ತಿಳಿಯುತ್ತದೆ, ನಾವು ಬಿಟ್ಟದ್ದು ಒಳ್ಳೆಯತನವನ್ನಲ್ಲ, ಸತ್ಯದ ಅರ್ಧವನ್ನು. ಆ ಬೀದಿಯಲ್ಲಿ ಗೋಡೆಯೂ ಇತ್ತು, ಹಿತ್ತಿಲ ಬಾಗಿಲೂ ಇತ್ತು. ಗೋಡೆಯನ್ನು ಮಾತ್ರ ಬರೆದು ನಾವು ಓದುಗರಿಗೆ ಇರದ ಊರೊಂದನ್ನು ತೋರಿಸಿದೆವು. ನಮ್ಮ ಕಥೆ ಓದಿ ಬೆಳೆದ ಹುಡುಗನೊಬ್ಬ ಆಚೆ ಕೇರಿಯಲ್ಲಿ ಹಾಲಿನಜ್ಜಿಯೇ ಇಲ್ಲವೆಂದು ನಂಬಿದ್ದರೆ, ಅದರ ಪಾಪ ನಮ್ಮದೂ ಹೌದು.

ಇದು ಹಳೆಯ ಮಾತಲ್ಲ. 2024ರಲ್ಲಿ ಹೈಕೋರ್ಟಿನ ನ್ಯಾಯಮೂರ್ತಿಯೊಬ್ಬರು ವಿಚಾರಣೆಯ ನಡುವೆ ಬೆಂಗಳೂರಿನ ಗೋರಿಪಾಳ್ಯವನ್ನು ಪಾಕಿಸ್ತಾನವೆಂದರು. ಸುಪ್ರೀಂ ಕೋರ್ಟ್ ತಾನಾಗಿಯೇ ವಿಷಯ ಕೈಗೆತ್ತಿಕೊಂಡು, ಭಾರತದ ಯಾವ ಭಾಗವನ್ನೂ ಹಾಗೆ ಕರೆಯುವಂತಿಲ್ಲ ಎಂದಿತು. ನ್ಯಾಯಮೂರ್ತಿಗಳು ವಿಷಾದ ವ್ಯಕ್ತಪಡಿಸಿದ್ದರಿಂದ ಸೆಪ್ಟೆಂಬರ್ 25ರಂದು ಪ್ರಕರಣ ಮುಗಿಯಿತು. ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ಪಡೆದು ಕನ್ನಡಕ್ಕೆ ಕೀರ್ತಿ ತಂದ ಬಾನು ಮುಷ್ತಾಕ್ ಅವರನ್ನು 2025ರಲ್ಲಿ ಮೈಸೂರು ದಸರಾ ಉದ್ಘಾಟನೆಗೆ ಕರೆದಾಗ, ಆಕೆ ಆ ಹೊಸ್ತಿಲು ದಾಟಬಾರದೆಂದು ಕೆಲವರು ನ್ಯಾಯಾಲಯಕ್ಕೆ ಹೋದರು. ಹೈಕೋರ್ಟೂ ಸುಪ್ರೀಂ ಕೋರ್ಟೂ ಅರ್ಜಿಗಳನ್ನು ವಜಾ ಮಾಡಿದವು. ಸೆಪ್ಟೆಂಬರ್ 22ರಂದು ಚಾಮುಂಡಿ ಬೆಟ್ಟದಲ್ಲಿ ಅವರೇ ದಸರಾ ಉದ್ಘಾಟಿಸಿದರು. ಎರಡೂ ಸಲ ನ್ಯಾಯಾಲಯ ಬಾಗಿಲು ತೆರೆಯಿತು, ಸಂತೋಷ. ಆದರೆ ಪ್ರತಿ ಬೀದಿಯ ಪ್ರತಿ ಬಾಗಿಲಿಗೂ ಸುಪ್ರೀಂ ಕೋರ್ಟ್ ಬಂದು ಕೈಹಾಕಲಾರದು.

ನಮ್ಮ ಅಕ್ಕನ ಮಗನಿಗೆ ಮೈಸೂರಿನಲ್ಲಿ ಕೆಲಸ ಸಿಕ್ಕಿತು. ಬಾಡಿಗೆಗೆ ಮನೆ ಹುಡುಕಿದ. ಫೋನಿನಲ್ಲಿ ಅವನ ಕನ್ನಡ ಕೇಳಿ "ಬನ್ನಿ, ನೋಡಿ" ಎಂದವರು ಹೆಸರು ಕೇಳಿದ ಮೇಲೆ "ಅಯ್ಯೋ, ನಿನ್ನೆ ತಾನೆ ಅಡ್ವಾನ್ಸ್ ತಗೊಂಡ್ವಲ್ಲಾ" ಎಂದರು. ಹೀಗೆ ಏಳು ಮನೆ. ಈ ಗಡಿಗೆ ಚೆಕ್‌ಪೋಸ್ಟಿಲ್ಲ, ಬಾವಲಿಯಂತೆ ಬೆಳಿಗ್ಗೆ 6ಕ್ಕೆ ತೆರೆಯುವ ಗೇಟೂ ಇಲ್ಲ. ನಮಗೆ ಸಿಟ್ಟು ಬಂತು. ಆ ಸಿಟ್ಟಿನಲ್ಲೇ ಒ೦ದು ಕಥೆ ಬರೆಯಲು ಕೂತೆವು. ಆಗ ಇನ್ನೊಂದು ನೆನಪು ಅಡ್ಡ ಬಂತು. ನಮ್ಮ ಮೊಹಲ್ಲಾದಲ್ಲಿ ಶಾಲೆಯ ಮೇಡಂ ಒಬ್ಬರು ಮನೆ ಕೇಳಿಕೊಂಡು ಬಂದಿದ್ದರು. ಶಾಲೆ ಹತ್ತಿರ, ನೀರಿನ ಅನುಕೂಲ ಚೆನ್ನ. ನಮ್ಮವರೇ ನಾಲ್ಕು ಮಂದಿ ಕೂತು, "ಅವರಿಗೆ ಇಲ್ಲಿ ಸರಿಹೋಗಲ್ಲ, ಸುಮ್ಮನೆ ಯಾಕೆ" ಎಂದು ನಯವಾಗಿ ಕಳಿಸಿಬಿಟ್ಟರು. ಆ ನಾಲ್ವರಲ್ಲಿ ನಾವೂ ಇದ್ದೆವು. ಮಾತಾಡಲಿಲ್ಲ. ಏಳು ಬಾಗಿಲು ಮುಚ್ಚಿದವರ ಬಗ್ಗೆ ಕಥೆ ಬರೆಯುವ ಮೊದಲು ಆ ಎಂಟನೆಯ ಬಾಗಿಲಿನ ಬಗ್ಗೆ ಬರೆಯಬೇಕಾಗಿದೆ.

ಕಥೆ ಬರೆಯುವ ಹೊಸ ಗೆಳೆಯರಿಗೆ, ಮುಸ್ಲಿಮರಿಗೂ ಅಲ್ಲದವರಿಗೂ, ನಮ್ಮ ವಿನಂತಿ ಇಷ್ಟೇ. ಗೋಡೆಯನ್ನು ಬರೆಯಿರಿ, ಬರೆಯಲೇಬೇಕು. ಆದರೆ ಬಾಗಿಲು ಎಲ್ಲಿತ್ತು, ಯಾರು ತೆರೆದರು, ಯಾರು ಯಾವ ದಿನ ಮುಚ್ಚಿದರು ಎಂಬುದನ್ನೂ ಬರೆಯಿರಿ. ಬಾಗಿಲಿನ ಮಾತಿಲ್ಲದ ಗೋಡೆಯ ಕಥೆ, ಗೋಡೆ ಕಟ್ಟಿದವನ ಕೆಲಸವನ್ನೇ ಮುಂದುವರಿಸುತ್ತದೆ.

ಮೊನ್ನೆ ನಮ್ಮ ಹಳೆಯ ಶಾಲೆಗೆ ಹೋಗಿದ್ದೆವು. ಮೋಟುಗೋಡೆ ಈಗ ಆಳೆತ್ತರವಾಗಿದೆ. ಎರಡೂ ಕಡೆ ನಲ್ಲಿಯಿದೆ, ಎರಡೂ ಕಡೆ ತಗಡಿನ ಚಪ್ಪರವಿದೆ. ನೀರಿಗಾಗಿ, ನೆರಳಿಗಾಗಿ ಯಾರೂ ಯಾರ ಕಡೆಗೂ ಹೋಗಬೇಕಾಗಿಲ್ಲ. ಮಕ್ಕಳಿಗೆ ಅನುಕೂಲವಾಗಿದೆ ಎಂದು ಮೇಷ್ಟ್ರು ಹೇಳಿದರು. ನಿಜ, ಅನುಕೂಲವಾಗಿದೆ. ನಾವು ಅಲ್ಲಿದ್ದಾಗಲೇ ಆಟದ ಗಂಟೆ ಹೊಡೆಯಿತು. ಸ್ವಲ್ಪ ಹೊತ್ತಿನಲ್ಲಿ ಚೆಂಡೊಂದು ಗೋಡೆಯ ಮೇಲಿಂದ ಹಾರಿ ಉರ್ದು ಶಾಲೆಯ ಅಂಗಳಕ್ಕೆ ಬಿತ್ತು. ಆಚೆಯಿಂದ ಒಂದು ಎಳೆಯ ಕೂಗು ಕೇಳಿಸಿತು, "ಬಾಲ್ ಕೊಡ್ರೋ!" ಈಚೆಯ ಹುಡುಗನೊಬ್ಬ ಅದನ್ನೆತ್ತಿಕೊಂಡು ಗೋಡೆಯ ಎತ್ತರ ನೋಡಿದ. ಎಸೆಯಲು ಕೈಯೆತ್ತಿದವನು ಏನನ್ನೋ ಯೋಚಿಸಿ ಕೈ ಇಳಿಸಿದ. ಆಮೇಲೆ ಚೆಂಡು ಹಿಡಿದುಕೊಂಡು ದೊಡ್ಡ ಗೇಟಿನ ಕಡೆಗೆ ಓಡಿದ.